ಖಾಲಿ ಬಂದ ಭರಣಿ

ಭೋಂ ಎಂದು ಮೊದಲು ಉದ್ದಕ್ಕೆ, ಆಮೇಲೆ ಗಂಟಲು ಕಟ್ಟಿದವರ ಹಾಗೆ ಗಿಡ್ಡಕ್ಕೆ. ಮುಂಬಯಿಯ ಸ್ಟೀಮರ್ ಕಾರವಾರ ದಾಟಿ ನಮ್ಮ ಬೇಲೆಕೇರಿಗೆ ಬಂತೆಂದರೆ ಹೀಗೇ ಕೂಗುತ್ತಿತ್ತು. ಆಯಿ ಕೈಯಲ್ಲಿದ್ದ ಕೆಲಸ ಬಿಟ್ಟು ಅಂಗಳಕ್ಕೆ ಬರುತ್ತಿದ್ದಳು. ಅವಳ ಹಿರಿಮಗಳು, ನನ್ನ ಅಕ್ಕ, ಮುಂಬಯಿಯ ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್. ಮೂವತ್ತೊಂಬತ್ತರಲ್ಲಿ ಯುದ್ಧ ಶುರುವಾಗಿತ್ತು. ನರ್ಸ್‌ಗಳನ್ನೂ ಯುದ್ಧಕ್ಕೆ ಹಡಗು ಹತ್ತಿಸುತ್ತಾರಂತೆ ಎಂಬ ಸುದ್ದಿ ಅಂಕೋಲೆಯ ಪೇಟೆಗೂ ಬಂದು ಮುಟ್ಟಿತ್ತು.

ಅಕ್ಕನ ಕಾಗದ ಓದಿ ಹೇಳುವುದು ನನ್ನ ಡ್ಯೂಟಿ. ಕಾರವಾರದ ಕಾನ್ವೆಂಟಿನಲ್ಲಿ ಕಲಿತವಳೆಂಬ ಜಂಬ ಬೇರೆ. ಎಲ್ಲ ಕಾಗದದಲ್ಲೂ ಕ್ಷೇಮ. ಆದರೆ ಆಯಿ ನಂಬುತ್ತಿದ್ದದ್ದು ಭರಣಿಯನ್ನು. ಸ್ಟೀಮರಿನಲ್ಲಿ ಖಲಾಸಿಯಾಗಿದ್ದ ನೆರೆಮನೆಯವನ ಕೈಯಲ್ಲಿ ಅಕ್ಕನಿಗೆ ಮಿಡಿ ಉಪ್ಪಿನಕಾಯಿ ಕಳಿಸುತ್ತಿದ್ದಳು. ಅದರ ವಾಸನೆಗೆ ಕಪ್ತಾನನೂ ತನ್ನ ಬೆನ್ನು ಬಿಡುವುದಿಲ್ಲ ಎಂದು ಅವನ ತಮಾಷೆ. ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದೆಂಬುದು ನಮ್ಮ ಕಡೆಯ ರೂಢಿ. ಒಂದು ಹಿಡಿ ಸಕ್ಕರೆ, ಉತ್ತತ್ತಿ, ನನಗೆ ಪೆಪ್ಪರ್‌ಮಿಂಟ್, ಅಕ್ಕ ಏನಾದರೂ ಹಾಕಿಯೇ ಭರಣಿ ಕಳಿಸುತ್ತಿದ್ದಳು.

ಆ ಸಲ ಭರಣಿ ಹಗುರವಾಗಿತ್ತು. ಆಯಿ ಮುಚ್ಚಳ ತೆಗೆದಳು. ಒಳಗೆ ಏನೂ ಇಲ್ಲ. ಜಿಡ್ಡಿನ ಸುಳಿವೂ ಉಳಿಯದಂತೆ ತೊಳೆದು ಒರೆಸಿದ್ದರು. ಫಿನಾಯಿಲ್ ವಾಸನೆ. ಆಸ್ಪತ್ರೆಯ ಗೇಟಿನಲ್ಲಿ ಯಾರೋ ಸಿಸ್ಟರ್ ತಂದುಕೊಟ್ಟರು, ಅಕ್ಕನನ್ನು ಕಾಣಲಿಲ್ಲ ಎಂದ ಖಲಾಸಿ. ವಾರ್ಡಿನಲ್ಲಿ ರಶ್ ಇರುತ್ತದೆ, ಮರೆತಿರಬೇಕು ಎಂದೆ ನಾನು. ಹಿಂದಿನ ದಿನವಷ್ಟೇ ಬಂದ ಕಾಗದದಲ್ಲೂ ಕ್ಷೇಮ ಎಂದೇ ಇತ್ತಲ್ಲ.

"ಅವ್ಳು ಖಾಲಿ ಕಳ್ಸೂದಿಲ್ಲ ತಂಗೀ," ಎಂದಳು ಆಯಿ. "ಇದು ಬೇರೆಯವ್ರು ತೊಳ್ದ ಭರಣಿ."

ಆದರೂ ಮತ್ತೆ ತುಂಬಿಸಿ ಕಳಿಸಿದಳು. ಮುಂದಿನ ಸ್ಟೀಮರಿಗೆ ಅದು ಹೋದ ಹಾಗೇ ವಾಪಸು ಬಂತು. ಬಾಯಿಗೆ ಕಟ್ಟಿದ ಬಟ್ಟೆಯ ಗಂಟನ್ನೂ ಯಾರೂ ಬಿಚ್ಚಿರಲಿಲ್ಲ. ಖಲಾಸಿ ಈ ಸಲ ಜೋಕ್ ಮಾಡಲಿಲ್ಲ. ಅಕ್ಕನನ್ನು ಹಡಗು ಹತ್ತಿಸಿದ್ದಾರೆ, ಎಲ್ಲಿಗೆಂದು ಹೇಳುವ ಹಾಗಿಲ್ಲವಂತೆ ಎಂದು ನೆಲ ನೋಡುತ್ತ ಹೇಳಿದ. ಆಮೇಲೆ ಕಾಗದವೂ ಬರಲಿಲ್ಲ. ಆ ಉಪ್ಪಿನಕಾಯಿಯನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಸ್ಟೀಮರ್ ಕೂಗಿದರೆ ಆಯಿ ಈಗ ಒಳಗೇ ಕೂತಿರುತ್ತಿದ್ದಳು.

ಅಕ್ಕನನ್ನು ನಾನು ಕೊನೆಯ ಸಲ ನೋಡಿದ್ದು ಆ ವರ್ಷ ಚೌತಿಗೆ ಬಂದವಳು ಹಿಂತಿರುಗುವಾಗ, ಬೇಲೆಕೇರಿಯ ದಂಡೆಯಲ್ಲಿ. ಸ್ಟೀಮರಿಗೆ ಒಯ್ಯುವ ದೋಣಿ ಅಲೆಗೆ ಹೊಯ್ದಾಡುತ್ತಿತ್ತು. ಎಣ್ಣೆ ಚೆಲ್ಲೀತೆಂದು ಅವಳು ಭರಣಿಯನ್ನು ಎರಡೂ ಕೈಯಲ್ಲಿ ಮಡಿಲಿಗೆ ಅವುಚಿಕೊಂಡಿದ್ದಳು. ನಾನು ಕೈಬೀಸಿದೆ. ಅವಳ ಕೈಗೆ ಬಿಡುವಿರಲಿಲ್ಲ. ಗದ್ದ ಮಾತ್ರ ಎತ್ತಿ ತೋರಿಸಿದಳು.