ದೇವರಿಗೆ ಅವಳ ನೆನಪಾಯಿತಂತೆ

ಕರಿಬೇವು, ತೆಂಗಿನಕಾಯಿ, ಇಡ್ಲಿ ಅಕ್ಕಿ ತರಲು ಪ್ರತಿ ಶನಿವಾರ ನಾವಿಬ್ಬರೂ ಆ ಪರಭಾಷೆಯ ಊರಿನ ಲೇಕ್ ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ನಾನು ಮಂಗಳೂರಿನ ಕಡೆಯವಳು, ಗಂಡನಿಗೆ ಬ್ಯಾಂಕಿನ ಕೆಲಸ. ಅವಳು ಧಾರವಾಡದವಳು, ಗಂಡನಿಗೆ ರೈಲ್ವೆ. ಇಬ್ಬರೂ ಕ್ರೈಸ್ತರು, ಇಬ್ಬರಿಗೂ ಮಕ್ಕಳಿರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಗೆಳೆತನ ನಿಂತದ್ದೇ ಈ ಕೊನೆಯದರ ಮೇಲೆ.

ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಕನ್ನಡ ಪ್ರಾರ್ಥನಾ ಕೂಟ. ಸುತ್ತಲೂ ಚಾಪೆಯ ಮೇಲೆ ಕೂತು ಒಬ್ಬೊಬ್ಬರೂ ತಮ್ಮ ಬಲಕ್ಕೆ ಕೂತವರಿಗಾಗಿ ಬಾಯಿಬಿಟ್ಟು ಪ್ರಾರ್ಥಿಸಬೇಕು. ನನ್ನ ಎಡಕ್ಕೆ ಯಾರೇ ಇರಲಿ, ಬೇಡಿಕೆ ಒಂದೇ: ಈ ಸಹೋದರಿಯನ್ನು ನೆನಪು ಮಾಡಿಕೋ ಸ್ವಾಮಿ. ಮಗು ಕೊಡು ಎಂಬ ಅರ್ಥ ಎಲ್ಲರಿಗೂ ಗೊತ್ತು. ನನಗೆ ವಿಪರೀತ ತಲೆನೋವಿತ್ತು, ಆ ವರ್ಷವೇ ಅಮ್ಮ ತೀರಿಕೊಂಡಿದ್ದರು. ಅದನ್ನೆಲ್ಲ ಯಾರೂ ದೇವರ ಕಿವಿಗೆ ಹಾಕಲಿಲ್ಲ. ಅವಳಿಗೂ ಇದೇ ಪ್ರಾರ್ಥನೆ. ಟ್ರಾಮಿನಲ್ಲಿ ಹಿಂತಿರುಗುವಾಗ ಇಬ್ಬರೂ ಅವರನ್ನೆಲ್ಲ ಅಣಕಿಸಿ ನಗುತ್ತಿದ್ದೆವು.

ಒಂದು ಕೂಟದಲ್ಲಿ ಅವಳು ಎದ್ದು ನಿಂತು, "ದೇವರು ನನ್ನ ನೆನಪ ಮಾಡಿಕೊಂಡಾನ್ರಿ," ಎಂದಳು. ಬಸುರಿ. ನನಗೂ ಮೊದಲು ಹೇಳಿರಲಿಲ್ಲ. ಎಲ್ಲರೂ ದೇವರಿಗೆ ಸ್ತೋತ್ರ ಎಂದರು. ಹಾಗಾದರೆ ನನ್ನನ್ನು ಮರೆತನೇ?

ಚಹಾ ಕುಡಿಯುವಾಗ ಇದನ್ನೇ ಕೂಟದ ಹಿರಿಯರನ್ನು ಕೇಳಿದೆ. ಅವರು ನಿವೃತ್ತ ಪಾದ್ರಿ. ದೇವರ ನೆನಪೆಂದರೆ ಮರೆತದ್ದು ಹೊಳೆಯುವುದಲ್ಲ, ಒಬ್ಬರಿಗಾಗಿ ಕೈ ಚಾಚುವುದು ಎಂದರು. ಬೈಬಲಿನ ಪ್ರಳಯದಲ್ಲಿ ದೇವರು ನಾವೆಯೊಳಗಿದ್ದವರನ್ನು ನೆನೆದ, ಗಾಳಿ ಬೀಸಿತು, ನೀರು ಇಳಿಯಿತು. ಪಾಪ, ಸಮಾಧಾನಕ್ಕೆಂದೇ ಹೇಳಿದರು. ನನಗೆ ಇನ್ನಷ್ಟು ಉರಿಯಿತು. ಮರೆತಿದ್ದರೆ ಕ್ಷಮಿಸಿಬಿಡಬಹುದಿತ್ತು. ಎಲ್ಲ ಗೊತ್ತಿದ್ದೂ ನನ್ನ ವಿಷಯಕ್ಕೆ ಮಾತ್ರ ಕೈಕಟ್ಟಿ ಕೂತಿದ್ದಾನೆ ಎಂದಾಯಿತಲ್ಲ.

ಆಮೇಲೆ ಮಾರ್ಕೆಟ್ಟಿಗೆ ಒಬ್ಬಳೇ ಹೋಗತೊಡಗಿದೆ. ಅವಳು ಬಾಗಿಲು ತಟ್ಟಿದರೆ ತಲೆನೋವೆಂದೆ. ಅವಳ ನಿಧಾನದ ನಡಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಹುಣಿಸೆಹಣ್ಣು ಚೀಪುವ ಚಟ, ಎಲ್ಲದರ ಮೇಲೂ ಹೊಟ್ಟೆಕಿಚ್ಚು. ಅವಳ ವಾಂತಿಯೂ ನನಗೆ ಬೇಕಿತ್ತು.

ಮುಂದಿನ ಕೂಟ ನಮ್ಮ ಮನೆಯಲ್ಲಿ. ಬಂದ್ ಇದ್ದುದರಿಂದ ವಾರ ತಡವಾಗಿ ನಡೆಯಿತು. ಅವಳು ಬಂದವಳೇ ಬೇರೆಯವರನ್ನು ಸರಿಸಿ ನನ್ನ ಎಡಕ್ಕೆ ಕೂತಳು. ಅವಳ ಬಾಯಿಂದಲೂ ಆ ಹಳೆಯ ಬೇಡಿಕೆ ಬಂದರೆ ಎದ್ದು ಅಡುಗೆಮನೆಗೆ ಹೋಗುವುದೆಂದು ನಿರ್ಧರಿಸಿದ್ದೆ. ಅವಳ ಸರದಿ ಬಂತು. ಅಷ್ಟರಲ್ಲಿ ಲೋಡ್‌ಶೆಡ್ಡಿಂಗ್. ಎಲ್ಲರೂ ಕಣ್ಣು ಮುಚ್ಚಿದ್ದರಿಂದ ಫ್ಯಾನು ನಿಂತ ಮೇಲೆಯೇ ಅದು ಗೊತ್ತಾದದ್ದು.

"ಸ್ವಾಮಿ, ಅಕ್ಕಗ ತಲಿನೋವು ಭಾಳ ಐತಿ," ಎಂದಳು. "ಅವ್ವನ್ನ ನೆನಸಿಕೊಂಡು ಒಬ್ಬಾಕಿನ ಅಳತಾಳ. ನನ್ನ ಮ್ಯಾಲ ಸಿಟ್ಟೂ ಐತಿ. ಆಕಿ ಮಾತಾಡದಿದ್ರ ಈ ಊರಾಗ ನನಗ ಇರಾಕ ಆಗೂದಿಲ್ಲ."

ಅಷ್ಟೇ. ಮಗುವಿನ ಮಾತೇ ಎತ್ತಲಿಲ್ಲ. ಎಲ್ಲರಿಗಿಂತ ತಡವಾಗಿ ನಾನೂ ಆಮೆನ್ ಎಂದೆ.

ಹೊಟ್ಟೆಕಿಚ್ಚು ಹೋಯಿತೆಂದು ಸುಳ್ಳು ಹೇಳಲಾರೆ. ನನಗೆ ಮಕ್ಕಳಾಗಲೇ ಇಲ್ಲ, ಅವಳ ಮಗಳ ಮದುವೆಯಲ್ಲೂ ಆ ಕಿಚ್ಚು ಒಂದಿಷ್ಟು ಉಳಿದಿತ್ತು. ಆದರೆ ಆ ಸಂಜೆ ಕತ್ತಲಲ್ಲಿ ತಡಕಾಡಿ ಅವಳು ನನ್ನ ಕೈ ಹಿಡಿದಳು. ಹುಣಿಸೆಹಣ್ಣು ಚೀಪಿ ಬಂದಿದ್ದ ಕೈ, ಅಂಟಂಟಾಗಿತ್ತು. ಬಿಡಿಸಿಕೊಳ್ಳಬೇಕು ಅನ್ನಿಸಿತು. ಬಿಡಿಸಿಕೊಳ್ಳಲಿಲ್ಲ.