ಏಣಿಯ ಬುಡ

ಆ ಭಾನುವಾರ ಮಧ್ಯಾಹ್ನ, ಮಲಯಾಳದವರೇ ಹೆಚ್ಚಿರುವ ನಮ್ಮೂರ ವಾಚನಾಲಯದಲ್ಲಿ ಕಿಟಕಿಗೆಲ್ಲ ಗೋಣಿತಾಟು ಕಟ್ಟಿ ಹಳೆಯ ಕಪ್ಪು-ಬಿಳುಪು ಯುದ್ಧದ ಸಿನಿಮಾ ತೋರಿಸಿದರು. ನಾನು ಹೋದದ್ದು ಸಿನಿಮಾಕ್ಕಲ್ಲ. ಅಧ್ಯಕ್ಷತೆ ಮೆಣಸಿನ ತೋಟದ ಯಜಮಾನರದ್ದು ಎಂದು ಕೇಳಿ, ಅವರ ಮುಖ ನೋಡಲು ಹೋಗಿದ್ದೆ. ಏಳು ವರ್ಷದಿಂದ ಆ ಮುಖದ ಮೇಲೆ ನನಗೆ ಹಗೆ. ಅವರೋ ಎಲ್ಲ ಮರೆತು ಹಾಯಾಗಿದ್ದರು, ಅದಕ್ಕೇ ನನಗೆ ಹೆಚ್ಚು ಹೊಟ್ಟೆಯುರಿ.

ನಮ್ಮಲ್ಲಿ ಕರಿಮೆಣಸು ಕೊಯ್ಯುವುದು ಒಂಟಿ ಬಿದಿರಿನ ಏಣಿ ಹತ್ತಿ. ಗಿಣ್ಣಿನಲ್ಲಿ ಉಳಿಸಿದ ಕೊಂಬೆಯ ಮೋಟುಗಳೇ ಅದಕ್ಕೆ ಮೆಟ್ಟಿಲು. ಬುಡ ಹಿಡಿಯದಿದ್ದರೆ ಗಿರ್ರನೆ ತಿರುಗಿಬಿಡುತ್ತದೆ. ಹತ್ತುವವನು "ಹಿಡಿದ್ರಾ?" ಅನ್ನಬೇಕು, ಕೆಳಗಿನವನು "ಹಿಡಿದೆ" ಅನ್ನಬೇಕು, ಆಮೇಲೆ ಅವನು ಇಳಿಯುವ ತನಕ ಕೈ ತೆಗೆಯುವಂತಿಲ್ಲ. ಏಳು ವರ್ಷದ ಹಿಂದೆ ಒಂದು ದಿನ ಆಳು ಸಾಲದೆ ಅಪ್ಪನ ಏಣಿಯನ್ನು ಯಜಮಾನರೇ ಹಿಡಿದಿದ್ದರು. ರಸ್ತೆಯಲ್ಲಿ ವ್ಯಾಪಾರಿಯ ಜೀಪು ಹಾರ್ನ್ ಹೊಡೆದದ್ದೇ ಬಿಟ್ಟು ನಡೆದರು. ಪಕ್ಕದ ಬಳ್ಳಿಯ ಕೆಳಗೆ ಉದುರುಕಾಳು ಆಯುತ್ತಿದ್ದ ನಾನು ಕಣ್ಣಾರೆ ಕಂಡೆ.

ಅಪ್ಪನ ಸೊಂಟ ಮುರಿಯಿತು. ಊರವರು ಸೇರಿ ಕೇಳಿದಾಗ ಯಜಮಾನರು, "ಕುಡಿದು ಹತ್ತಿದ" ಎಂದು ಮಲಯಾಳದಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಹೇಳಿದರು. ಹೆಂಡದ ವಾಸನೆಗೇ ಮೂಗು ಮುಚ್ಚುತ್ತಿದ್ದ ಅಪ್ಪ ಅಂದಿನಿಂದ ಊರಿಗೆಲ್ಲ ಕುಡುಕ. ಮಗಳ ಸಾಕ್ಷಿ ಯಾರಿಗೆ ಬೇಕು?

ಸಿನಿಮಾದಲ್ಲೂ ಅದೇ ಕಥೆ. ದಡದಿಂದ ಗುಂಡು ಹಾರಿಸಿ ರಕ್ಷಣೆ ಕೊಡುತ್ತೇನೆಂದು ನಂಬಿಸಿ ಅಧಿಕಾರಿಯೊಬ್ಬ ಸೈನಿಕರನ್ನು ಸೇತುವೆ ಕಟ್ಟಲು ನದಿಗಿಳಿಸುತ್ತಾನೆ, ನಡುನೀರಿನಲ್ಲಿ ಅವರನ್ನು ಬಿಟ್ಟು ಹಿಂದೆ ಸರಿಯುತ್ತಾನೆ, ಅಪ್ಪಣೆಯಿಲ್ಲದೆ ಇಳಿದರು ಎಂದು ವರದಿ ಬರೆಯುತ್ತಾನೆ. ವರದಿ ಬರೆಯುವವನು ಯಾವತ್ತೂ ದಡದ ಮೇಲೇ ಇರುತ್ತಾನೆ. ದೀಪ ಹಾಕಿದಾಗ ನೋಡಿದರೆ ಯಜಮಾನರು ಕಣ್ಣೊರೆಸಿಕೊಳ್ಳುತ್ತಿದ್ದಾರೆ!

"ನಂಬಿದವರ ಕೈ ಬಿಡುವವನು ನಾಯಕನೇ ಅಲ್ಲ," ಎಂದು ಮಲಯಾಳದಲ್ಲಿ ಭಾಷಣ ಬಿಗಿದರು. "ಮೇಲಿನವರು ಮುಂದೆ ನಿಲ್ಲಬೇಕು." ಚಪ್ಪಾಳೆ ಬಿತ್ತು. ಬೆಕ್ಕು ಸನ್ಯಾಸಿಯಾದದ್ದನ್ನು ನಾನು ಕಣ್ಣಾರೆ ನೋಡಿದೆ.

ಆಮೇಲೆ ಮಾಡಿನ ತೊಲೆಗೆ ಕಟ್ಟಿದ್ದ ಪರದೆ ಬಿಚ್ಚಬೇಕಿತ್ತು. ಗೋಡೆಗೆ ಅದೇ ಒಂಟಿ ಬಿದಿರಿನ ಏಣಿ ಒರಗಿತ್ತು.

"ಮೇಲಿನವರು ಮುಂದೆ ಅಂದ್ರಲ್ಲ ಯಜಮಾನ್ರೇ, ನೀವೇ ಹತ್ತಿ," ಎಂದು ನಾನೂ ಮಲಯಾಳದಲ್ಲೇ ಹೇಳಿದೆ. ಎಲ್ಲರೂ ನಕ್ಕರು. ಅಷ್ಟು ಜನರೆದುರು ಅವರು ಒಲ್ಲೆ ಎನ್ನುವುದು ಹೇಗೆ? ಪಂಚೆ ಎತ್ತಿ ಕಟ್ಟಿದರು.

"ಹಿಡಿದ್ಯಾ ಮಗಳೇ?"

"ಹಿಡಿದೆ."

ಅವರು ತೊಲೆ ಮುಟ್ಟಿದಾಗ ಒಂದು ಕೈ ತೆಗೆದೆ. ಏಣಿ ಸ್ವಲ್ಪ ತಿರುಗಿತು.

"ಅಪ್ಪ ಅವತ್ತು ಕುಡಿದಿದ್ನಾ?" ಎಂದು ಕನ್ನಡದಲ್ಲಿ ಕೇಳಿದೆ.

ಕೆಳಗೆ ನೋಡಿದರು. ನಾನು ಯಾರ ಮಗಳೆಂದು ಆಗ ನೆನಪಾಯಿತು. ಯಾರೋ ಏಣಿಯತ್ತ ಬಂದರು. "ಮುಟ್ಟಿದ್ರೆ ಈ ಕೈಯನ್ನೂ ತೆಗೀತೀನಿ," ಎಂದೆ. ಮೇಲಿನ ಕಾಲುಗಳು ನಡುಗುವುದು ಬಿದಿರಿನಲ್ಲೇ ನನ್ನ ಅಂಗೈಗೆ ತಿಳಿಯುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು.

"ಇಲ್ಲ... ಕುಡಿದಿರ್ಲಿಲ್ಲ. ನಾನೇ ಕೈ ಬಿಟ್ಟೆ. ಹಿಡ್ಕೋ ತಾಯಿ!"

ಕನ್ನಡ ಬಲ್ಲ ನಾಲ್ಕು ಜನ ಮುಖ ಮುಖ ನೋಡಿಕೊಂಡರು. ಉಳಿದವರಿಗೆ ಏನೂ ತಿಳಿಯಲಿಲ್ಲ. ನಾನು ಎರಡನೆಯ ಕೈ ಏಣಿಗೆ ಹಚ್ಚಲಿಲ್ಲ.

"ಸುಳ್ಳನ್ನ ಮಲಯಾಳದಲ್ಲಿ ಹೇಳಿದ್ರಿ ಯಜಮಾನ್ರೇ," ಎಂದೆ. "ಇದನ್ನೂ ಮಲಯಾಳದಲ್ಲೇ ಹೇಳಿ. ಜೋರಾಗಿ."