ಲಾರಿ ಶೆಡ್ಡಿನಲ್ಲಿ ಕಟ್ಟಿದ ದೋಣಿ

ಆಗೆಲ್ಲ ನಾಗಪುರದಲ್ಲಿ ಹೋಳಿಯ ಬಣ್ಣ ಕೈಯಿಂದ ಹೋಗುವ ಮೊದಲೇ ಮನೆಮನೆಯ ತಗಡಿನ ಕೂಲರುಗಳು ಅಟ್ಟದಿಂದ ಇಳಿಯುತ್ತಿದ್ದವು. ಹಳೆಯ ಹುಲ್ಲು ಕಿತ್ತೆಸೆದು ಹೊಸದು ತುಂಬಿ, ನೀರು ಬಿಟ್ಟು ಫ್ಯಾನು ಹಾಕಿದರೆ ಮೊದಲ ಗಾಳಿಗೇ ಒಂದು ಒದ್ದೆ ವಾಸನೆ. ಅಲ್ಲಿ ಬೆಳೆದವರಿಗೆ ಗೊತ್ತು, ಆ ವಾಸನೆ ಮೂಗಿಗೆ ಬಿತ್ತೆಂದರೆ ಇನ್ನು ಶಾಲೆಯ ಕಾಟ ಹೆಚ್ಚು ದಿನ ಇಲ್ಲ. ಆದರೆ ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆ ನೆನಪಾದಾಗಲೆಲ್ಲ ಅದರ ಜೊತೆಗೆ ಇನ್ನೊಂದು ವಾಸನೆಯೂ ಬರುತ್ತದೆ, ಮೀನೆಣ್ಣೆಯದು. ಸಮುದ್ರ ಎಲ್ಲಿ, ನಾಗಪುರ ಎಲ್ಲಿ ಎಂದು ನಗಬೇಡಿ. ಆ ವರ್ಷ ನಮ್ಮ ಮನೆಯವರು ಅಲ್ಲಿ ಒಂದು ದೋಣಿ ಕಟ್ಟಿದರು.

ಅಪ್ಪ ವಾಯುಸೇನೆಯಲ್ಲಿ ಇಂಜಿನ್ ನೋಡಿಕೊಳ್ಳುವವನು. ನಾನು ಹುಟ್ಟಿದಾಗಿನಿಂದ ಅವನು ಒಂದು ಊರು, ನಾವು ಒಂದು ಊರು. ರಜೆಗೆ ಬಂದಾಗ ಅವನಿಗೆ ಚಹಾ ಕೊಡಲು ನನಗೆ ನೆಂಟರಿಗೆ ಕೊಟ್ಟ ಹಾಗೆ ನಾಚಿಕೆಯಾಗುತ್ತಿತ್ತು. ಕೊನೆಯ ಪೋಸ್ಟಿಂಗು ನಾಗಪುರಕ್ಕೆ ಬಂತು, ಊರಂಚಿನ ವಾಡಿಯ ಹತ್ತಿರ ಕ್ವಾರ್ಟರ್ಸ್ ಸಿಕ್ಕಿತು, ಎಲ್ಲರೂ ಒಟ್ಟಿಗೆ ಇದ್ದೆವು. ಅಪ್ಪ ನನಗೆ ಸೈಕಲ್ ಕಲಿಸಿದ. ಭಾನುವಾರ ಖಾರದ ಸಾರು ಸುರಿದ ಅವಲಕ್ಕಿ, ತರ್ರಿ ಪೋಹಾ, ತಿನ್ನಿಸಲು ಕರೆದೊಯ್ದ, ಅದರ ಖಾರಕ್ಕೆ ನಾನು ಅತ್ತರೆ ತನ್ನ ಕರವಸ್ತ್ರದಿಂದ ಮೂಗು ಒರೆಸಿದ. ಅಪ್ಪ ಅಂದರೆ ಇದಾ ಎಂದು ನನಗೆ ಆಗ ಗೊತ್ತಾದದ್ದು.

ಆ ಬೇಸಿಗೆಗೆ ಅವನ ಸರ್ವಿಸು ಮುಗಿಯುವುದಿತ್ತು. ಮಸ್ಕತ್‌ನಲ್ಲಿದ್ದ ಹಳೆಯ ಸ್ನೇಹಿತನೊಬ್ಬ ಅಲ್ಲಿ ಕೆಲಸ ನೋಡಿಟ್ಟಿದ್ದ. ಆದರೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಅಪ್ಪನಿಗೆ ಬೇರೆಯೇ ಆಸೆ. ರಾಮ್‌ಟೇಕ್ ಕಡೆಯ ಕೆರೆಗೆ ನಾಗಪುರದ ಡಾಕ್ಟರುಗಳು, ಕಾಮ್ಟಿ ದಂಡಿನ ಆಫೀಸರುಗಳು ಗಾಳ ಹಾಕುವ ಶೋಕಿಗೆ ಬಂದು ದಡದಲ್ಲಿ ಕೊಡೆ ಹಿಡಿದು ಕೂರುತ್ತಿದ್ದರು. ಅವರನ್ನು ಕೆರೆಯ ನಡುವಿಗೆ ಕರೆದೊಯ್ಯುವ ಬಾಡಿಗೆ ದೋಣಿ ಇದ್ದರೆ ಹೇಗೆ? ಆರಾಮ ಕೂರಲು ಸೀಟು, ಗಾಳದ ಕೋಲು ನಿಲ್ಲಿಸಲು ಕೊಳವೆ, ಮೇಲೊಂದು ನೆರಳು. ಕೆರೆಯ ಮೀನುಗಾರರೂ ಒಪ್ಪಿದ್ದರು. ಮೇ ಕೊನೆಯೊಳಗೆ ಮಸ್ಕತ್‌ಗೆ ಉತ್ತರ ಹೇಳಬೇಕು. ದೋಣಿ ತೇಲಿದರೆ ಅಪ್ಪ ಇಲ್ಲಿ, ಇಲ್ಲದಿದ್ದರೆ ಅಲ್ಲಿ. ಈ ಮಾತು ನನ್ನೆದುರೇ ಆಗಿತ್ತು, ಆವತ್ತಿನಿಂದ ನನ್ನ ದೇವರ ಪ್ರಾರ್ಥನೆಯಲ್ಲೆಲ್ಲ ದೋಣಿಯೇ.

ದೋಣಿ ಕಟ್ಟಲು ಕುಂದಾಪುರದ ಕಡೆಯಿಂದ ಅಮ್ಮನ ಅಣ್ಣ ಶೀನ ಮಾವ ಬಂದ. ಬಾಯಲ್ಲಿ ಎಲೆಯಡಿಕೆ, ಹೆಗಲಲ್ಲಿ ಬೈರಾಸು, ಮಾತೆತ್ತಿದರೆ ಜಗಳ. ಸಮುದ್ರಕ್ಕೆ ಎಷ್ಟೋ ದೋಣಿ ಇಳಿಸಿದವನು. ನಾಗಪುರದಲ್ಲಿ ಚಂದ್ರಪುರದ ಒಳ್ಳೆಯ ಸಾಗುವಾನಿ ಸಿಗುತ್ತದೆ ಎಂದು ಅಪ್ಪ ಹೇಳಿದರೆ, "ಅದ್ರಗೆ ಮಂಚ ಮಾಡ್ಕಣಿ ಭಾವ, ದೋಣಿ ಬ್ಯಾಡ" ಎಂದ. ಊರಿನ ಹೆಬ್ಬಲಸಿನ ಹಲಗೆಗಳೇ ಆಗಬೇಕು. ಸರಿ, ಮಂಗಳೂರಿನಲ್ಲಿ ಸರಕು ಇಳಿಸಿ ಬರುವ ಲಾರಿಯಲ್ಲಿ ಹಲಗೆ, ಹಗ್ಗ, ಮೀನೆಣ್ಣೆಯ ಡಬ್ಬ ಎಲ್ಲ ವಾಡಿಗೆ ಬಂದಿಳಿಯಿತು.

ಜಾಗ ಕೊಟ್ಟದ್ದು ದೇವಾಜಿ ಕಾಕಾ. ವಾಡಿಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡು ಅವರದು. ಅವರಿಗೆ ಕನ್ನಡ ಬಾರದು, ಮಾವನಿಗೆ ಮರಾಠಿ ಬಾರದು. ಇಬ್ಬರೂ ತಂತಮ್ಮ ಭಾಷೆಯಲ್ಲೇ ದಿನವಿಡೀ ಜಗಳವಾಡುತ್ತ, ಒಂದೇ ಲೋಟದ ಚಹಾ ಹಂಚಿಕೊಂಡು ಕುಡಿಯುತ್ತ ಕೆಲಸ ಮಾಡಿದರು. ಮಾವ ಹಲಗೆಗಳ ಸಂದಿಗೆ ಹತ್ತಿ ತುರುಕುವಾಗ ಕಾಕಾ ಒಂದು ಮೂಟೆ ವಿದರ್ಭದ ಹತ್ತಿ ತಂದು ಸುರಿದರು. ಮಾವ ಅದನ್ನು ಮೂಸಿ, ಎಳೆದು ನೋಡಿ, "ಹತ್ತಿ ಮಾತ್ರ ಇವ್ರದ್ದು ಲಾಯ್ಕ್ ಇತ್ತ್" ಎಂದು ಒಪ್ಪಿಕೊಂಡ. ಅದು ಅವನ ಬಾಯಿಂದ ನಾಗಪುರಕ್ಕೆ ಸಿಕ್ಕ ಒಂದೇ ಹೊಗಳಿಕೆ. ಮೀನೆಣ್ಣೆ ಬಳಿದ ದಿನ ಪಕ್ಕದ ಗೋಡೌನಿನವರು ಮೂಗು ಮುಚ್ಚಿಕೊಂಡು ಓಡಿ ಬಂದು "ಕ್ಯಾ ಮರ್ ಗಯಾ ಇಧರ್?", ಇಲ್ಲೇನು ಸತ್ತಿದೆ, ಎಂದು ಕೇಳಿದರು.

ಬಣ್ಣ ಬಳಿಯಲು ಬಂದವನು ಲಾರಿಗಳ ಪೇಂಟರು. ಎರಡು ಬದಿಗೂ ಚೆಂದದ ನವಿಲು ಬರೆದ. ಕೈ ಅಭ್ಯಾಸ ಎಲ್ಲಿ ಬಿಡುತ್ತದೆ, ಹಿಂಭಾಗದಲ್ಲಿ ದೊಡ್ಡದಾಗಿ "ಹಾರ್ನ್ ಓಕೆ ಪ್ಲೀಸ್" ಎಂದೂ ಬರೆದುಬಿಟ್ಟ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಪ್ಪ ಅಳಿಸಲು ಬಿಡಲಿಲ್ಲ.

ಶೋಕಿಯವರು ಕೆಲವೊಮ್ಮೆ ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಾರೆ ಎಂದು ಅಪ್ಪ ಹೇಳಿದ ದಿನ ಮಾವ ಉಳಿ ಕೆಳಗಿಟ್ಟ.

"ಹಿಡ್ದ್ ಮೀನ್ ವಾಪಾಸ್ ಬಿಡುದಾ? ಅವ್ರ್ ಮಂಡೆ ಸಮ ಇತ್ತಾ?"

"ಅವ್ರ್ ಖುಷಿಗೆ ಭಾವ."

"ಮೀನಿಗೆ ಖುಷಿ ಅನ್ನಿ!"

ದೋಣಿ ಮುಗಿದದ್ದು ಹೋಳಿಯ ಹೊತ್ತಿಗೆ. ನೀರಿಗಿಳಿಸುವುದು ಅಕ್ಷಯ ತದಿಗೆಯಂದೇ ಎಂದು ಅಮ್ಮನ ಹಟ. ಅಲ್ಲಿಯವರೆಗೆ ಮಾವ ಅದನ್ನು ಶೆಡ್ಡಿನ ತಗಡಿನ ಕೆಳಗೆ ದಿಮ್ಮಿಗಳ ಮೇಲೆ ಕವುಚಿ ಹಾಕಿದ. ಅವನ ಊರಿನಲ್ಲಿ ಹೊಸ ದೋಣಿಗೆ ಶತ್ರು ಅಂದರೆ ತೇವ. ಗಾಳಿಯಲ್ಲೇ ನೀರಿರುವ ಊರು ಅದು, ಎಷ್ಟು ಒಣಗಿಸಿದರೂ ಸಾಲದು. ಹಾಗಾಗಿ ಇಲ್ಲೂ ಒಂದು ಹನಿ ತಾಗಲು ಬಿಡಲಿಲ್ಲ. ರಂಗಪಂಚಮಿಯ ದಿನ ನಾನು ಪಿಚಕಾರಿ ಹಿಡಿದು ಹತ್ತಿರ ಹೋದರೆ, "ಹೆಣೆ, ದೋಣಿಗೆ ನೀರ್ ಹಾರ್ಸಿರೆ ಕಾಲ್ ಮುರಿತೆ ಕಾಣ್!" ಎಂದು ಗದರಿದ.

ಆಮೇಲೆ ಬಂತು ನೋಡಿ ನಾಗಪುರದ ಏಪ್ರಿಲ್. ಡಾಂಬರು ಚಪ್ಪಲಿಗೆ ಅಂಟುತ್ತಿತ್ತು, ತೊಳೆದ ಬಟ್ಟೆ ಹಿಂಡಿ ಹರಡುವಷ್ಟರಲ್ಲಿ ಒಣಗುತ್ತಿತ್ತು. ಮಾವ ಉಸ್ಸೆನ್ನುತ್ತ ಮನೆಯ ಕೂಲರಿನ ಮುಂದೆ ಬಿದ್ದುಕೊಂಡಿದ್ದ, ಅಮ್ಮ ಮಾಡಿದ ಮಾವಿನಕಾಯಿ ಪನ್ಹೆ ಚೊಂಬುಗಟ್ಟಲೆ ಕುಡಿಯುತ್ತಿದ್ದ. ಶೆಡ್ಡಿನ ಕಡೆ ನಮ್ಮಲ್ಲಿ ಯಾರೂ ಹೋಗಲಿಲ್ಲ.

ತದಿಗೆಗೆ ಕೆಲವು ದಿನ ಇರುವಾಗ ಅಪ್ಪನ ಜೊತೆ ನಾನು ಹೋದೆ. ಅಪ್ಪ ಕಾಕಾರ ಜೊತೆ ಲಾರಿಯ ಮಾತಾಡುತ್ತಿದ್ದಾಗ ನಾನು ಕವುಚಿದ ದೋಣಿಯ ಕೆಳಗೆ ನುಸುಳಿ ಅಂಗಾತ ಮಲಗಿದೆ. ಕತ್ತಲೆ ಇರುತ್ತದೆ, ಗುಹೆಯ ಆಟ ಆಡಬಹುದು ಎಂದುಕೊಂಡಿದ್ದೆ. ಒಳಗೆ ಬೆಳಕಿತ್ತು. ನನ್ನ ಫ್ರಾಕಿನ ಮೇಲೆ ಉದ್ದುದ್ದ ಗೆರೆ ಬಿದ್ದಿತ್ತು, ಕೈ ಮೇಲೂ ಗೆರೆ. ತಲೆಯೆತ್ತಿ ನೋಡಿದರೆ ಹಲಗೆ ಹಲಗೆಯ ನಡುವೆ ಬಿಸಿಲು.

"ಅಪ್ಪಾ, ಬೆಳಕು ಬರ್ತಾ ಇದೆ" ಎಂದೆ.

ಅಪ್ಪ ಬಗ್ಗಿ ನೋಡಿದ. ನನ್ನನ್ನು ಎಳೆದು ಹೊರಗೆ ತೆಗೆದ. ಮಸ್ಕತ್ ಎಂದರೆ ಎಲ್ಲಿ, ಎಷ್ಟು ದೂರ ಎಂದು ನಾನು ಆಗಲೇ ಶಾಲೆಯ ಅಟ್ಲಾಸಿನಲ್ಲಿ ನೋಡಿಟ್ಟಿದ್ದೆ.

ಮಾವನನ್ನು ಕರೆಸಿದರು. ಅವನು ಸಂದಿಯಲ್ಲಿ ಬೆರಳಾಡಿಸಿದ, ಸಡಿಲವಾದ ಹತ್ತಿ ಉದುರಿತು. ಒಣ ಬಿಸಿಲಿಗೆ ಹಲಗೆಗಳು ಕುಗ್ಗಿದ್ದವು. ಮರ ಅವನದೇ, ಕೈ ಅವನದೇ, ಮುಚ್ಚಿ ಒಣಗಿಸಿಟ್ಟವನೂ ಅವನೇ. ಕಾಕಾ "ಫಿಕರ್ ನಕೋ, ಪುಟ್ಟಿ ತುಂಬಿಬಿಡೋಣ, ಜಲ್ದಿ ಆಗ್ತದೆ" ಎಂಬಂತೆ ಕೈ ಮಾಡಿ ತೋರಿಸಿದರೆ, ಮಾವ ಬೇಡವೆಂದು ತಲೆಯಾಡಿಸಿದ. ಗಟ್ಟಿ ತುಂಬಿದರೆ ಮುಂದೆ ಹಲಗೆ ಊದಿದಾಗ ದೋಣಿಯ ಪಕ್ಕೆಯೇ ಮುರಿಯುತ್ತದೆ. ಆ ಮಧ್ಯಾಹ್ನ ಅವನು ಗಂಜಿ ಮುಟ್ಟಲಿಲ್ಲ, ಒಣ ಸಿಗಡಿ ಚಟ್ನಿಯನ್ನೂ ಮುಟ್ಟಲಿಲ್ಲ. "ನಾ ಊರಿಗೆ ಹೋತೆ. ನಿಮ್ಗೆ ಮುಖ ತೋರ್ಸುಕೆ ಆತಿಲ್ಲೆ" ಎಂದ. ಅಷ್ಟು ಜೋರಿನ ಮಾವ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಕೇಳಿ ನನಗೆ ಅಳು ಬಂತು.

ಅಮ್ಮ ಪಾತ್ರೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದಳು.

"ಅಣ್ಣ, ಬಿಸ್ಲಿಗೆ ಮರದ್ ಪಾತ್ರಿ, ಆ ಮರಿಗೆ, ಒಡದ್ರೆ ಅಬ್ಬೆ ಎಂತ ಮಾಡ್ತಿದ್ಳ್?"

"ನೀರಗೆ ಮುಳುಗ್ಸಿ ಇಡ್ತಿದ್ಳ್."

"ಇದೂ ದೊಡ್ಡ್ ಮರಿಗೆ ಅಲ್ದಾ?"

ಮಾವ ಅವಳನ್ನೇ ನೋಡಿದ. ಆಮೇಲೆ ಗಂಜಿ ಬಟ್ಟಲು ಹತ್ತಿರ ಎಳೆದುಕೊಂಡ.

ತದಿಗೆಯ ಬೆಳಿಗ್ಗೆ ಕಾಕಾರ ಲಾರಿಯಲ್ಲಿ ದೋಣಿ ಕೆರೆಗೆ ಹೊರಟಿತು. ಮಾವ ಸಂದಿಗಳಿಗೆ ಹಗುರವಾಗಿ ಹತ್ತಿ ತುಂಬಿದ್ದ. ಅಮ್ಮ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದಳು. ದೋಣಿ ನೀರಿಗಿಳಿಯಿತು, ನಾಲ್ಕು ಮಾರು ಹೋಗುವುದರೊಳಗೆ ಎಲ್ಲ ಕಡೆಯಿಂದ ಬುಳುಬುಳು ನೀರು ನುಗ್ಗಿತು. ದಡದಲ್ಲಿ ನೋಡಲು ನಿಂತಿದ್ದ ಮೀನುಗಾರರು ಹೋ ಎಂದು ಕೂಗಿದರು. ಮಾವ ಸೊಂಟದ ಮಟ್ಟ ನೀರಿನಲ್ಲಿ ನಿಂತು ದೋಣಿ ಪೂರ್ತಿ ಮುಳುಗಲೆಂದು ಒಂದೊಂದೇ ಕಲ್ಲನ್ನು ಒಳಗಿಟ್ಟ. ನವಿಲು ಮುಳುಗಿತು, ಹಾರ್ನ್ ಓಕೆ ಪ್ಲೀಸೂ ಮುಳುಗಿತು. ಮೂತಿಯ ತುದಿಯೊಂದು ಮಾತ್ರ ಕಾಣುತ್ತಿತ್ತು. ಮಾವ ದಡಕ್ಕೆ ಬಂದು ಬೀಡಿ ಹಚ್ಚಿದ.

"ಕುಡಿಲಿ. ಬಾಯಾರ್ಕಿ ಆಯ್ತ್ ಅದ್ಕೆ."

"ಎಷ್ಟ್ ದಿನ ಭಾವ?" ಅಪ್ಪ ಕೇಳಿದ.

"ಅದ್ನೇ ಕೇಣ್ಕ್" ಎಂದು ಮಾವ ದೋಣಿಯ ಮೂತಿಯತ್ತ ಕೈ ತೋರಿಸಿದ.

ನಾವು ಅಲ್ಲೇ ಮೀನುಗಾರರ ಗುಡಿಸಲಿನಲ್ಲಿ ಉಳಿದೆವು. ನಾನು ದಡಕ್ಕೆ ಹೋಗಿ ಆ ಮೂತಿಯನ್ನು ನೋಡುವುದು, ಬರುವುದು, ಮತ್ತೆ ಹೋಗುವುದು. ಮರುದಿನ ಬೆಳಿಗ್ಗೆ ಅಪ್ಪನ ಮೊಬೈಲಿಗೆ ಮಸ್ಕತ್‌ನ ಕರೆ ಬಂತು. ಅಲ್ಲಿಯವರಿಗೆ ಆತುರವಂತೆ, ಮೇ ಕೊನೆಯವರೆಗೆ ಕಾಯುವಂತಿಲ್ಲ, ಇವತ್ತೇ ಹೌದೋ ಅಲ್ಲವೋ ಹೇಳಬೇಕು. ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಅಪ್ಪ ದಡದಲ್ಲಿ ನಿಂತಿದ್ದ, ನಾನು ಅವನ ಪಕ್ಕದಲ್ಲೇ ಇದ್ದೆ. ಎದುರಿಗೆ ನೀರು, ನೀರಿನಲ್ಲಿ ಮುಳುಗಿದ ದೋಣಿ. ಅದು ಮೇಲೇಳುತ್ತದೋ ಕೊಳೆಯುತ್ತದೋ ಮಾವನಿಗೂ ಗೊತ್ತಿರಲಿಲ್ಲ.

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. "ಬರೂದಿಲ್ಲ ಮಾರಾಯ, ಬೇರೆಯವ್ರಿಗೆ ಹೇಳ್" ಎಂದ. ಫೋನು ಜೇಬಿಗೆ ಹಾಕಿಕೊಂಡು ಅಮ್ಮನ ಹತ್ತಿರ ಹೋಗಿ ಚಹಾ ಕೇಳಿದ.

ಅಮ್ಮ ಒಲೆ ಊದುತ್ತಿದ್ದವಳು ತಲೆಯೆತ್ತಲಿಲ್ಲ. "ದೋಣಿ ಏಳ್ದಿದ್ರೆ?" ಎಂದಳು.

"ಏಳ್ದಿದ್ರೆ ಇಬ್ರೂ ಸೇರಿ ಎಂತಾದ್ರೂ ಮಾಡ್ವ."

ಮೂರನೆಯ ದಿನ ಕಲ್ಲು ತೆಗೆದು, ಎಲ್ಲರೂ ಸಾಲಾಗಿ ನಿಂತು ಬಕೆಟ್ಟಿನಲ್ಲಿ ನೀರು ಎತ್ತಿ ಚೆಲ್ಲಿದೆವು. ದೋಣಿ ನಿಧಾನಕ್ಕೆ ಎದ್ದಿತು. ಮಾವ ಒಳಗಿಳಿದು ಬೈರಾಸಿನಿಂದ ತಳ ಒರೆಸಿ, ಸಂದಿಗೆ ಅಂಗೈ ಒತ್ತಿ ಹಿಡಿದು ತುಂಬಾ ಹೊತ್ತು ಕೂತಿದ್ದ. ಆಮೇಲೆ ಒಣ ಅಂಗೈಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದ. ಕಾಕಾ "ಶಾಬ್ಬಾಸ್!" ಎಂದು ಕೂಗಿ ಬಟ್ಟೆ ಸಮೇತ ನೀರಿಗೆ ಹಾರಿದರು.

ಆ ದೋಣಿ ಆಮೇಲೆ ಹತ್ತು ವರ್ಷ ದುಡಿಯಿತು. ಅಪ್ಪ ಬೆಳಿಗ್ಗೆ ಮೋಟಾರ್ ಸೈಕಲ್ಲಿನಲ್ಲಿ ಕೆರೆಗೆ ಹೋಗಿ, ಸಂಜೆ ಬಿಸಿಲು ಮತ್ತು ಮೀನಿನ ವಾಸನೆ ಹೊತ್ತು ಮನೆಗೆ ಬರುತ್ತಿದ್ದ. ದಿನಾ ಬರುತ್ತಿದ್ದ. ನನ್ನ ಜಗಳ, ನನ್ನ ಪರೀಕ್ಷೆ, ನನ್ನ ಜ್ವರ, ಎಲ್ಲಕ್ಕೂ ಇದ್ದ. ಹತ್ತನೆಯ ವರ್ಷದ ಒಂದು ಬೆಳಿಗ್ಗೆ, ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವನು ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು.

ಈಗ ಕೆರೆಯಲ್ಲಿ ಫೈಬರ್ ದೋಣಿಗಳು, ಲೈಫ್ ಜಾಕೆಟ್ಟು, ಟಿಕೆಟ್ ಕೌಂಟರು. ಮಾವನೂ ಇಲ್ಲ, ಹೆಬ್ಬಲಸಿನಲ್ಲಿ ದೋಣಿ ಕಟ್ಟುವ ಕೈಗಳು ಅವನ ಊರಿನಲ್ಲೇ ಈಗ ಅಪರೂಪ. ನನ್ನ ಮಗ ನನ್ನ ಜೊತೆ ಹಿಂದಿಯಲ್ಲೇ ಮಾತಾಡುತ್ತಾನೆ, ಅಜ್ಜನ ಭಾಷೆ ಅವನಿಗೆ ಅರ್ಧಂಬರ್ಧ ಅರ್ಥವಾಗುತ್ತದೆ. ಹೋದದ್ದು ಬಹಳ, ಅದಕ್ಕೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಮಸ್ಕತ್‌ನಲ್ಲಿದ್ದರೂ ಅಪ್ಪನಿಗೆ ಇದ್ದದ್ದು ಆ ಹತ್ತೇ ವರ್ಷ. ಅವು ನಮ್ಮ ಮನೆಯಲ್ಲಿ ಕಳೆದವು.